ಹೊಳೆದಂಡೆಯ ಗಿಡಮರಗಳ ಅಧ್ಯಯನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಸಸ್ಯಶಾಸ್ತ್ರದ ಪದವಿ ವಿದ್ಯಾರ್ಥಿನಿ. ಒಂದು ನದಿಯ ಆಸುಪಾಸಿನ ಸ್ಥಳೀಯ ಸಸ್ಯಗಳನ್ನು ಕುರಿತು ವರದಿ ಸಿದ್ಧಪಡಿಸಬೇಕಾಗಿದೆ. ಸಸ್ಯಗಳ ಹೆಸರಿನ ಪಟ್ಟಿಯಿಂದಲೇ ಕೆಲಸ ಆರಂಭಿಸಬೇಕೆ, ಅಥವಾ ಬೇರೆ ಕ್ರಮವಿದೆಯೆ?

ಉತ್ತರ: ಪಟ್ಟಿ ಬೇಕೇ ಬೇಕು, ಆದರೆ ಮೊದಲು ನೀರಿನ ಚಲನೆಯನ್ನು ಗಮನಿಸಿ ಎಂದು ನಾನು ಹೇಳುತ್ತೇನೆ. ನೂರಾರು ಹೆಸರುಗಳಿದ್ದರೂ, ಯಾವ ಗಿಡ ನೀರಿನ ಅಂಚಿನಿಂದ ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿ, ಎಂತಹ ಮಣ್ಣಿನಲ್ಲಿ ಬೆಳೆದಿತ್ತು ಎಂಬ ವಿವರವಿಲ್ಲದ ಪಟ್ಟಿಯಿಂದ ಆ ನದಿಯ ಬಗ್ಗೆ ತಿಳಿಯುವುದು ಬಹಳ ಕಡಿಮೆ. ಆದ್ದರಿಂದ ಹರಿವಿಗೆ ಅಡ್ಡಲಾಗಿ, ನೀರಿನ ಅಂಚಿನಿಂದ ಹಿಡಿದು ನೆರೆಯ ನೀರು ಎಂದೂ ಮುಟ್ಟದ ಇಳಿಜಾರಿನವರೆಗೆ ಒಂದು ನೇರವಾದ ಹಗ್ಗದ ಗೆರೆಯನ್ನು ಎಳೆದುಕೊಳ್ಳಿ. ಆ ಗೆರೆಯುದ್ದಕ್ಕೂ ಗೊತ್ತಾದ ಅಂತರಗಳಲ್ಲಿ, ಹುಲ್ಲು ಮತ್ತು ಸಣ್ಣ ಗಿಡಗಳಿಗೆ ಒಂದು ಮೀಟರ್ ಚೌಕವನ್ನೂ ಮರಗಳಿಗೆ ಹತ್ತು ಮೀಟರ್ ಚೌಕವನ್ನೂ ಗುರುತಿಸಿ, ಒಳಗಿರುವ ಪ್ರತಿಯೊಂದು ಜಾತಿಯನ್ನೂ ಅದು ಆವರಿಸಿರುವ ಜಾಗದ ಪ್ರಮಾಣದೊಡನೆ ದಾಖಲಿಸಿ. ಮರದ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುವುದು ರೂಢಿ. ಹೆಚ್ಚಿನವರು ಅದೇ ಎತ್ತರದಲ್ಲಿ ಅಳೆಯುವುದರಿಂದ ನಿಮ್ಮ ಅಂಕಿಗಳನ್ನು ಬೇರೆಯವರ ಅಂಕಿಗಳೊಡನೆ ಹೋಲಿಸಬಹುದು. ಕೊಂಬೆಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ, ಬಂಡೆಯ ಮೇಲಿನ ಕಲೆ, ತೊಗಟೆಗೆ ಮೆತ್ತಿದ ಹೂಳು ಹಿಂದಿನ ನೆರೆ ಎಲ್ಲಿಯವರೆಗೆ ಏರಿತ್ತು ಎಂಬುದನ್ನು ತೋರಿಸುತ್ತವೆ. ಅವುಗಳ ಎತ್ತರವನ್ನೂ ತಪ್ಪದೆ ಬರೆದುಕೊಳ್ಳಿ.

ಗಿಡವನ್ನು ಅದು ನಿಂತ ಎತ್ತರದೊಡನೆ ಸೇರಿಸಿ ನೋಡುವ ಕ್ರಮ ಹಳೆಯದು. 1802ರಲ್ಲಿ ಆಂಡೀಸ್ ಪರ್ವತಶ್ರೇಣಿಯ ಚಿಂಬೊರಾಜೊವನ್ನು ಏರಿದ ಜರ್ಮನಿಯ ನಿಸರ್ಗವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್, ಬೆಟ್ಟದ ಅಡ್ಡಸೀಳಿನ ಚಿತ್ರವೊಂದರ ಮೇಲೆ ಆಯಾ ಎತ್ತರದಲ್ಲಿ ಬೆಳೆಯುವ ಸಸ್ಯಗಳ ಹೆಸರುಗಳನ್ನು ಬರೆದು ತೋರಿಸಿದರು. ಬೆಟ್ಟದಲ್ಲಿ ಸಾವಿರಾರು ಮೀಟರ್ ಏರಿದಾಗ ಕಾಣುವಂತಹ ಬದಲಾವಣೆ ನದಿಯ ದಂಡೆಯಲ್ಲಿ ಕೆಲವೇ ಮೀಟರುಗಳೊಳಗೆ ಕಾಣಸಿಗುತ್ತದೆ ಎಂಬುದೇ ಈ ಅಧ್ಯಯನದ ದೊಡ್ಡ ಆಕರ್ಷಣೆ.

ಅದಕ್ಕೆ ಕಾರಣ ನೀರಿನ ಏರಿಳಿತ. ಹರಿವಿನ ನಡುವಿನ ಬಂಡೆಗಳ ಸಂದಿಯಲ್ಲಿ ಬೆಳೆಯುವ ಪೊದೆಗಳಿಗೆ ಕಿರಿದಾದ ಎಲೆ, ಬಾಗಿದರೂ ಮುರಿಯದ ಕೊಂಬೆ, ಬಂಡೆಯನ್ನು ಬಿಗಿಯಾಗಿ ಹಿಡಿಯುವ ಬೇರು ಇರುತ್ತವೆ. ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಹಬ್ಬಿರುವ ಹೋಮೋನೋಯಾ ರೈಪಾರಿಯಾ ಇಂತಹ ಒಂದು ಪೊದೆ. ಪೋಡೋಸ್ಟೆಮೇಸೀ ಕುಟುಂಬದ ಸಸ್ಯಗಳಂತೂ ಜಲಪಾತ ಮತ್ತು ರಭಸದ ಹರಿವಿನ ಬಂಡೆಗಳಿಗೆ ಪಾಚಿಯಂತೆ ಅಂಟಿಕೊಂಡು ಬದುಕುತ್ತವೆ. ನೀರು ಇಳಿದು ಬಂಡೆ ಹೊರಗೆ ಕಾಣಿಸಿಕೊಂಡಾಗ ಹೂ ಬಿಟ್ಟು, ಬೀಜ ಕಟ್ಟಿ ಮುಗಿಸುತ್ತವೆ. ಉತ್ತರ ಅಮೆರಿಕದ ನದೀತೀರಗಳ ಕಾಟನ್‌ವುಡ್ ಮರಗಳ ಬೀಜಗಳು ಕೆಲವೇ ವಾರ ಜೀವ ಹಿಡಿದಿರುವುದರಿಂದ, ನೆರೆ ಇಳಿದು ಹಸಿ ಮೆಕ್ಕಲು ತೆರೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಅವು ಉದುರಬೇಕು. ಮೊಳೆತ ಮೇಲೂ ನೀರಿನ ಮಟ್ಟ ದಿನಕ್ಕೆ ಸುಮಾರು 2.5 ಸೆಂಟಿಮೀಟರಿಗಿಂತ ಬೇಗನೆ ಇಳಿದರೆ ಎಳೆಯ ಬೇರಿಗೆ ತೇವ ಎಟಕದೆ ಸಸಿ ಒಣಗುತ್ತದೆ. ಅಮೆಜಾನ್ ನದಿಯ ನೆರೆಬಯಲಿನ ಮರಗಳು ವರ್ಷದಲ್ಲಿ ಹಲವು ತಿಂಗಳು ನೀರಿನಲ್ಲೇ ನಿಲ್ಲುತ್ತವೆ, ನೀರು ಏರಿದಾಗಲೇ ಅವುಗಳಲ್ಲಿ ಅನೇಕವು ಹಣ್ಣು ಉದುರಿಸುತ್ತವೆ, ಆ ಹಣ್ಣುಗಳನ್ನು ತಿಂದ ತಂಬಾಕಿ ಮುಂತಾದ ಮೀನುಗಳು ಬೀಜವನ್ನು ದೂರಕ್ಕೆ ಒಯ್ಯುತ್ತವೆ. ಹೀಗೆ ಹೂ, ಹಣ್ಣು, ಮೊಳಕೆ ಎಲ್ಲವೂ ನೀರಿನ ಏರಿಳಿತಕ್ಕೆ ಹೊಂದಿಕೊಂಡಿರುವುದರಿಂದ, ನೀವು ಎಳೆದ ಅದೇ ಗೆರೆಗೆ ನೆರೆಯ ಮುನ್ನ, ನೆರೆ ಇಳಿದ ಕೂಡಲೆ ಮತ್ತು ಹರಿವು ಅತಿ ಕಡಿಮೆಯಾದಾಗ ಮತ್ತೆ ಮತ್ತೆ ಹೋಗಬೇಕು. ಒಂದೇ ಋತುವಿನ ವರದಿಯನ್ನು ಆ ನದಿಯ ಸಸ್ಯವರ್ಗದ ವರದಿ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಪ್ರಶ್ನೆ: ದಂಡೆಯುದ್ದಕ್ಕೂ ದಟ್ಟ ಹಸಿರು ಇದ್ದರೂ ಅದರಲ್ಲಿ ಹೆಚ್ಚಿನವು ಹೊರಗಿನಿಂದ ಬಂದ ಗಿಡಗಳೆಂದು ಕೆಲವರು ಹೇಳುತ್ತಾರೆ. ಒಂದು ಸಸ್ಯ ಸ್ಥಳೀಯವೇ ಎಂಬುದನ್ನು ನೋಡಿ ತಿಳಿಯಬಹುದೆ?

ಉತ್ತರ: ನೋಟದಿಂದಷ್ಟೇ ತಿಳಿಯಲಾಗದು. ಸೊಂಪಾಗಿ ಬೆಳೆದದ್ದು ಆ ನೆಲದ್ದೇ ಎಂದುಕೊಳ್ಳುವುದೂ, ಎಲ್ಲೆಡೆ ಹಬ್ಬುವುದೆಲ್ಲ ಪರಕೀಯ ಎಂದುಕೊಳ್ಳುವುದೂ ತಪ್ಪು ತೀರ್ಮಾನಕ್ಕೆ ದಾರಿ. ಆ ಪ್ರದೇಶದ ಸಸ್ಯಸಂಪದವನ್ನು ವಿವರಿಸುವ ಗ್ರಂಥಗಳು, ಹರ್ಬೇರಿಯಂಗಳಲ್ಲಿ, ಅಂದರೆ ಒಣಗಿಸಿದ ಸಸ್ಯಗಳ ಸಂಗ್ರಹಾಲಯಗಳಲ್ಲಿ, ಇರುವ ಹಳೆಯ ಮಾದರಿಗಳು, ಆ ಜಾತಿ ಜಗತ್ತಿನಲ್ಲಿ ಸಹಜವಾಗಿ ಹರಡಿರುವ ಪ್ರದೇಶಗಳ ನಕ್ಷೆ ಇವು ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಸ್ಥಳೀಯತೆಯನ್ನು ದೇಶದ ಗಡಿಯಿಂದ ಅಳೆಯಲೂ ಬಾರದು, ಏಕೆಂದರೆ ಒಂದು ದೇಶದ ಒಂದು ಮೂಲೆಯಲ್ಲಿ ಸಹಜವಾಗಿರುವ ಗಿಡ ಅದೇ ದೇಶದ ಇನ್ನೊಂದು ನದಿಗೆ ಹೊರಗಿನದಾಗಿರಬಹುದು.

ಹಿಮಾಲಯದಲ್ಲಿ ಸಹಜವಾಗಿ ಬೆಳೆಯುವ ಕರ್ಣಕುಂಡಲದ ಒಂದು ಜಾತಿಯನ್ನೇ ನೋಡಿ. ಅಲ್ಲಿ ಅದು ತನ್ನ ನೆಲದ ಗಿಡ. ಉದ್ಯಾನದ ಅಂದಕ್ಕೆಂದು 1839ರಲ್ಲಿ ಬ್ರಿಟನ್ನಿಗೆ ಒಯ್ದ ಆ ಗಿಡ ಈಗ ಅಲ್ಲಿನ ನದಿಗಳ ದಂಡೆಯನ್ನು ಆವರಿಸಿಕೊಂಡಿದೆ. ಕಾಯಿ ಸಿಡಿದು ಬೀಜ ಏಳು ಮೀಟರ್ ದೂರದವರೆಗೂ ಚಿಮ್ಮುತ್ತದೆ, ನೀರಿಗೆ ಬಿದ್ದದ್ದು ಇನ್ನೂ ಕೆಳಗೆ ತೇಲಿಹೋಗುತ್ತದೆ. ಬೇಸಿಗೆಯಲ್ಲಿ ಅದು ಉಳಿದ ಗಿಡಗಳಿಗೆ ಬೆಳಕು ಸಿಗದಂತೆ ಮುಚ್ಚಿಬಿಡುತ್ತದೆ. ಒಂದೇ ವರ್ಷ ಬಾಳುವ ಗಿಡವಾದ್ದರಿಂದ ಚಳಿಗಾಲಕ್ಕೆ ಸತ್ತು, ಮಣ್ಣನ್ನು ಹಿಡಿದಿಡುವ ಬೇರಿಲ್ಲದ ಬರಿಯ ದಂಡೆಯನ್ನು ಹರಿವಿನ ಬಾಯಿಗೆ ಬಿಡುತ್ತದೆ. ಹಸಿರಿನ ಪ್ರಮಾಣವೊಂದನ್ನೇ ಅಳೆದವರಿಗೆ ಈ ನಷ್ಟ ಕಾಣುವುದೇ ಇಲ್ಲ. ಇಂತಹ ಗಿಡಗಳನ್ನು ಕೀಳುವ ಕೆಲಸವನ್ನು ನದಿಯ ಸಾಧ್ಯವಾದಷ್ಟು ಮೇಲ್ಭಾಗದಿಂದ, ಬೀಜ ಕಟ್ಟುವ ಮುನ್ನವೇ ಆರಂಭಿಸಬೇಕು. ಮೇಲಿನ ದಂಡೆಯನ್ನು ಹಾಗೆಯೇ ಬಿಟ್ಟು ಕೆಳಗೆ ಕಿತ್ತರೆ ಮುಂದಿನ ನೆರೆಯೇ ಮತ್ತೆ ಬೀಜವನ್ನು ತಂದು ಹಾಕುತ್ತದೆ.

ಪ್ರಶ್ನೆ: ನದಿಯ ಸುತ್ತಲಿನ ರಮಣೀಯ ದೃಶ್ಯಗಳನ್ನು ಅಧ್ಯಯನದ ವಿಷಯವಾಗಿ ಪರಿಗಣಿಸಬಹುದೆ? ಸೌಂದರ್ಯ ಅವರವರ ಭಾವಕ್ಕೆ ಬಿಟ್ಟದ್ದಲ್ಲವೆ?

ಉತ್ತರ: ಖಂಡಿತವಾಗಿ ಪರಿಗಣಿಸಬಹುದು, ಪರಿಗಣಿಸಬೇಕು ಕೂಡ. 2000ದ ಅಕ್ಟೋಬರಿನಲ್ಲಿ ಫ್ಲಾರೆನ್ಸಿನಲ್ಲಿ ಸಹಿಯಾದ ಯುರೋಪಿನ ಭೂದೃಶ್ಯ ಒಪ್ಪಂದವು, ಜನರು ಗ್ರಹಿಸುವ ರೀತಿಯನ್ನೂ ನಿಸರ್ಗ ಮತ್ತು ಮನುಷ್ಯರ ಪರಸ್ಪರ ಕ್ರಿಯೆಯನ್ನೂ ಭೂದೃಶ್ಯದ ವ್ಯಾಖ್ಯೆಯೊಳಗೇ ಸೇರಿಸಿಕೊಂಡಿದೆ. ಜನರು ಒಂದು ನೋಟವನ್ನು ಏಕೆ ಇಷ್ಟಪಡುತ್ತಾರೆ ಎಂಬುದನ್ನು ಅವರಿಂದಲೇ ಕೇಳಿ ದಾಖಲಿಸಿ. ಜೊತೆಗೆ ಆ ನೋಟ ಹೇಗೆ ಉಂಟಾಯಿತು ಎಂಬುದನ್ನು ನೆಲದಲ್ಲಿ ಹುಡುಕಿ. ನಯಾಗರ ಜಲಪಾತದಲ್ಲಿ ಮೇಲಿನ ಗಟ್ಟಿ ಶಿಲೆಯ ಕೆಳಗಿರುವ ಮೆದು ಪದರ ಸವೆದು, ಆಧಾರ ತಪ್ಪಿದ ಮೇಲಿನ ಪದರ ಕುಸಿಯುತ್ತದೆ. ಸುಮಾರು 12,000 ವರ್ಷಗಳಲ್ಲಿ ಅದು 11 ಕಿಲೋಮೀಟರಿನಷ್ಟು ಹಿಂದೆ ಸರಿದಿದೆ. ಬಯಲಿನ ನದಿಯ ತಿರುವಿನಲ್ಲಿ ಹೊರಗಿನ ದಂಡೆ ಕೊರೆದು ಹೋಗುತ್ತದೆ, ಒಳಗಿನ ದಂಡೆಯಲ್ಲಿ ಮರಳು ಮತ್ತು ಹೂಳು ಕೂಡುತ್ತದೆ. ಆ ಹೊಸ ನೆಲದಲ್ಲಿ ನೀರಿನ ಬಳಿ ಎಳೆಯ ಸಸಿಗಳು, ಹಿಂದೆ ಪೊದೆಗಳು, ಇನ್ನೂ ಹಿಂದೆ ಬಲಿತ ಮರಗಳು ಹೀಗೆ ವಯಸ್ಸಿಗೆ ತಕ್ಕಂತೆ ಸಾಲುಗಟ್ಟಿ ನಿಲ್ಲುವುದುಂಟು. ದೂರದಿಂದ ಕಣ್ಣಿಗೆ ತಂಪೆನಿಸುವ ಆ ಹಸಿರು ಮೆಟ್ಟಿಲುಗಳಲ್ಲಿ ನದಿ ಹೊರಳಿದ ಚರಿತ್ರೆಯೇ ಇದೆ ಎಂದು ತಿಳಿದಾಗ ಸೌಂದರ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ದೃಶ್ಯದ ದಾಖಲೆಗೆ ಅಲುಗದ ಬಂಡೆ ಅಥವಾ ಸೇತುವೆಯಂತಹ ಒಂದು ನೆಲೆಯನ್ನು ಆರಿಸಿಕೊಂಡು, ಅದೇ ದಿಕ್ಕಿಗೆ, ಅದೇ ಲೆನ್ಸಿನಲ್ಲಿ, ದಿನದ ಅದೇ ಹೊತ್ತಿನಲ್ಲಿ ಚಿತ್ರ ತೆಗೆಯಿರಿ. ಇದೇ ಸ್ಥಳದ ಹಳೆಯ ಛಾಯಾಚಿತ್ರ ಸಿಕ್ಕರೆ ಅದಕ್ಕಿಂತ ಬೆಲೆಬಾಳುವ ಸಾಕ್ಷ್ಯ ಅಪರೂಪ.

ಪ್ರಶ್ನೆ: ಮೊಬೈಲ್ ಆಪ್‌ಗಳೇ ಗಿಡವನ್ನು ಗುರುತಿಸುವಾಗ ಮಾದರಿಗಳನ್ನು ಒಣಗಿಸಿ ಇಡುವ ಅಗತ್ಯವಿದೆಯೆ?

ಉತ್ತರ: ಇದೆ. ಆಪ್ ಕೊಡುವುದು ಊಹೆ, ಅದನ್ನು ಮುಂದೆ ಯಾರಾದರೂ ಪರಿಶೀಲಿಸಬೇಕಾದರೆ ಹೂ ಅಥವಾ ಕಾಯಿ ಇರುವ ಒಣಗಿಸಿದ ಮಾದರಿ ಕೈಯಲ್ಲಿರಬೇಕು. ಸ್ಥಳ, ದಿನಾಂಕ, ನೀರಿನ ಮಟ್ಟದಿಂದ ಎತ್ತರ ಮತ್ತು ಒಣಗಿದಾಗ ಮಾಸಿಹೋಗುವ ಹೂವಿನ ಬಣ್ಣವನ್ನು ಚೀಟಿಯಲ್ಲಿ ಬರೆಯಿರಿ. ಸಂಗ್ರಹಕ್ಕೆ ಬೇಕಾದ ಅನುಮತಿಯನ್ನು ಮೊದಲೇ ಪಡೆಯಿರಿ. ಬೆರಳೆಣಿಕೆಯಷ್ಟೇ ಇರುವ ಗಿಡವನ್ನು ಕೀಳದೆ ಚಿತ್ರ ಮಾತ್ರ ತೆಗೆಯಿರಿ.

ಪ್ರಶ್ನೆ: ಅಣೆಕಟ್ಟು ಕಟ್ಟಿದ ಅಥವಾ ಕಾಲುವೆಯಂತೆ ನೇರಗೊಳಿಸಿದ ನದಿಗೆ ಸ್ಥಳೀಯ ಸಸ್ಯಗಳು ಮರಳಿ ಬರುವುದು ಸಾಧ್ಯವೆ?

ಉತ್ತರ: ಸಾಧ್ಯವೆಂದು ತೋರಿಸಿದ ನದಿಗಳಿವೆ. ಅಮೆರಿಕದ ಫ್ಲಾರಿಡಾದಲ್ಲಿ 166 ಕಿಲೋಮೀಟರ್ ಉದ್ದಕ್ಕೆ ಬಳುಕಿ ಹರಿಯುತ್ತಿದ್ದ ಕಿಸಿಮ್ಮಿ ನದಿಯನ್ನು ನೆರೆ ತಡೆಯಲೆಂದು 1962ರಿಂದ 1971ರ ಅವಧಿಯಲ್ಲಿ 90 ಕಿಲೋಮೀಟರಿನ ಕಾಲುವೆಯಾಗಿ ಮಾರ್ಪಡಿಸಿದರು. ನೆರೆಬಯಲು ಒಣಗಿತು, ಜೌಗಿನ ಸಸ್ಯಗಳೂ ಅವುಗಳನ್ನು ನಂಬಿದ ನೀರುಹಕ್ಕಿಗಳೂ ಬಹುಪಾಲು ಇಲ್ಲವಾದವು. 1999ರಿಂದ ಕಾಲುವೆಯ ನಡುಭಾಗವನ್ನು ಮಣ್ಣಿನಿಂದ ತುಂಬಿ ನೀರನ್ನು ಹಳೆಯ ತಿರುವುಗಳಿಗೆ ತಿರುಗಿಸುವ ಕೆಲಸ ಆರಂಭವಾಗಿ 2021ರಲ್ಲಿ ಮುಗಿಯಿತು. ನೀರು ಮತ್ತೆ ಹರಡಿ ನಿಂತ ಕಡೆಗಳಲ್ಲಿ ಜೌಗಿನ ಸಸ್ಯಗಳು ಮರಳಿದವು. ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ತೆಗೆದುಹಾಕಿದಾಗ, ಬರಿದಾದ ಜಲಾಶಯದ ನೆಲದಲ್ಲಿ ಪರಕೀಯ ಕಳೆ ನೆಲೆಯೂರದಂತೆ ಅದೇ ಕಣಿವೆಯ ಸಸ್ಯಗಳ ಬೀಜಗಳನ್ನು ಬಿತ್ತಿ, ಸಸಿಗಳನ್ನು ನೆಟ್ಟರು.

ಇವೆರಡೂ ದೊಡ್ಡ ಖರ್ಚಿನ ಕೆಲಸಗಳು, ಎಲ್ಲೆಡೆ ಅಣೆಕಟ್ಟು ತೆಗೆಯಲೂ ಆಗದು. ಅಣೆಕಟ್ಟು ಇರುವ ಕಡೆ ಬೀಜ ಉದುರುವ ಕಾಲಕ್ಕೆ ನೀರನ್ನು ಹೆಚ್ಚಿಸಿ ನಿಧಾನವಾಗಿ ಇಳಿಸುವಂತೆ ಬಿಡುಗಡೆಯನ್ನು ಹೊಂದಿಸಬಹುದು. ಕೆನಡಾದ ಆಲ್ಬರ್ಟಾದ ನದಿಗಳಲ್ಲಿ ಹೀಗೆ ಮಾಡಿದಾಗ ಕಾಟನ್‌ವುಡ್ ಸಸಿಗಳು ಮತ್ತೆ ಹುಟ್ಟಿವೆ. ಆದರೆ ಯಾವ ತಿಂಗಳಲ್ಲಿ, ಎಷ್ಟು ಎತ್ತರದವರೆಗೆ, ಎಷ್ಟು ನಿಧಾನವಾಗಿ ನೀರು ಬಿಡಬೇಕೆಂದು ನಿರ್ಧರಿಸಲು ಆ ದಂಡೆಯ ಗಿಡಗಳು ಹೂ ಬಿಡುವ, ಬೀಜ ಉದುರಿಸುವ ಕಾಲವನ್ನೂ ಅವು ನಿಂತ ಎತ್ತರವನ್ನೂ ಯಾರಾದರೂ ಮೊದಲೇ ಬರೆದಿಟ್ಟಿರಬೇಕು. ವಿದ್ಯಾರ್ಥಿಗಳ ಎಚ್ಚರಿಕೆಯ ವರದಿಗಳು ಈ ಕೆಲಸಕ್ಕೆ ನೇರವಾಗಿ ಬಳಕೆಯಾಗಬಲ್ಲವು. ಅವುಗಳ ಒಂದು ಪ್ರತಿಯನ್ನು ಆ ನದಿಯ ನೀರನ್ನು ನಿರ್ವಹಿಸುವ ಇಲಾಖೆಗೂ ಕಳುಹಿಸಿಕೊಡಿ.