ಕಲಬುರಗಿಯಲ್ಲಿ ಎಂ.ಕಾಂ ಓದುತ್ತಿದ್ದೇನೆ. ಬಿಸಿನೆಸ್ ಮಾಡಬೇಕೆನ್ನುವ ಹುಡುಗಿಯರಿಗೆ ವಿ.ವಿ.ಯಲ್ಲಿ ಕ್ಲಬ್ ಶುರು ಮಾಡಿದರೆ ಮೊದಲು ಏನು ಮಾಡಬೇಕು?

ಉದ್ಘಾಟನೆ, ಹಾರ, ಶಾಲು ಅಂತ ಸುಮ್ನೆ ದುಡ್ಡು ಕಳೆಯಬೇಡಿ. ಹತ್ತು ಹುಡುಗಿಯರು, ಜೊತೆಗೆ ನಿಲ್ಲುವ ಒಬ್ಬ ಮೇಡಂ ಇದ್ದರೆ ಸಾಕು.

ಮೊದಲ ಸಭೆಗೆ ಖಡಕ್ ರೊಟ್ಟಿ ಮಾರುವ ಅಕ್ಕ ಒಬ್ಬರನ್ನು ಕರೆಸಿ. ಒಂದು ಕಿಲೋ ಜೋಳದ ಹಿಟ್ಟಿಗೆ ಎಷ್ಟು ರೊಟ್ಟಿ, ಗ್ಯಾಸ್ ಎಷ್ಟು, ಮುರಿದು ಹೋಗುವುದು ಎಷ್ಟು, ಎಲ್ಲ ಬೋರ್ಡ್ ಮೇಲೆ ಬರೆಯಿರಿ. ಅವರ ಕೂಲಿಯನ್ನೂ ಸೇರಿಸಿ. ಅದನ್ನೇ ಜಾಸ್ತಿ ಜನ ಮರೆಯುವುದು, ಅಲ್ವಾ? ಅಲ್ಲೇ ಲಾಭ ಎಷ್ಟು ಅಂತ ಗೊತ್ತಾಗುತ್ತದೆ.

ಆಮೇಲೆ ಬೇಳೆ ಪ್ಯಾಕಿಂಗ್ ಯೋಚಿಸಬಹುದು. ನಮ್ಮ ಕಲಬುರಗಿ ತೊಗರಿಗೆ 2019ರಲ್ಲೇ ಜಿಐ ಟ್ಯಾಗ್, ಅಂದರೆ ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ.

ಸಾಲಕ್ಕೆ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ‘ಶಿಶು’ ಸಾಲ ಇದೆ: 50,000 ರೂಪಾಯಿವರೆಗೆ, ಅಡಮಾನ ಬೇಡ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ‘ಉದ್ಯಮ್’ ನೋಂದಣಿ ಉಚಿತ, ಏಜೆಂಟನಿಗೆ ಕಾಸು ಕೊಡಬೇಡಿ.