ಫಂಕ್ಷನ್‌ಗೆ ತಪ್ಪು ಆರ್ಗ್ಯುಮೆಂಟ್ ಬಂದರೆ ಯಾವ ಎರರ್ ರೈಸ್ ಮಾಡಬೇಕು?

ನಮಸ್ಕಾರ. ವಯಸ್ಸು ತೆಗೆದುಕೊಳ್ಳುವ ಪೈಥಾನ್ ಫಂಕ್ಷನ್‌ಗೆ ಯಾರಾದರೂ ಸ್ಟ್ರಿಂಗ್ (ಅಂದರೆ ಅಕ್ಷರಗಳ ಸಾಲು) ಕೊಟ್ಟರೆ, ಅಥವಾ -5 ಕೊಟ್ಟರೆ, ಎರಡಕ್ಕೂ ಬರೀ ಎಕ್ಸೆಪ್ಶನ್ (ಬಗೆ ಹೇಳದ ಸಾಮಾನ್ಯ ಎರರ್) ರೈಸ್ ಮಾಡಿದರೆ, ಅಂದರೆ ಎಬ್ಬಿಸಿದರೆ, ಸಾಲದಾ ಅಂತ ಕೇಳಿದ್ದೀರಿ. ಸಾಲದು.

ಸ್ಟ್ರಿಂಗ್‌ಗೆ ಟೈಪ್‌ಎರರ್, -5ಕ್ಕೆ ವ್ಯಾಲ್ಯೂಎರರ್. ಬಂದದ್ದರ ಬಗೆಯೇ ತಪ್ಪಿದ್ದರೆ ಮೊದಲನೆಯದು. ಬಗೆ ಸರಿಯಿದ್ದು ಬೆಲೆ ಮಾತ್ರ ಒಪ್ಪದಿದ್ದರೆ ಎರಡನೆಯದು. ಅನುಮಾನ ಬಂದಾಗ ನಾನು ಪೈಥಾನ್ ತಾನೇ ಏನು ಮಾಡುತ್ತದೆ ಅಂತ ನೋಡುತ್ತೇನೆ. ಕೊಟ್ಟದ್ದನ್ನು ಪೂರ್ಣಾಂಕ ಮಾಡುವ ಇಂಟ್‌ಗೆ "ಅಆಇ" ಕೊಟ್ಟರೆ ವ್ಯಾಲ್ಯೂಎರರ್ ಬರುತ್ತದೆ. ಸ್ಟ್ರಿಂಗನ್ನು ಅದು ತೆಗೆದುಕೊಳ್ಳುತ್ತದೆ, ಒಳಗೆ ಅಂಕಿ ಇರಲಿಲ್ಲ ಅಷ್ಟೆ. ಅದೇ ಇಂಟ್‌ಗೆ ಒಂದು ಖಾಲಿ ಲಿಸ್ಟ್ ಕೊಡಿ, ಟೈಪ್‌ಎರರ್ ಬರುತ್ತದೆ.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅನ್ನಿಸಬಹುದು. ಬೇಕು, ಯಾಕೆಂದರೆ ಎರರ್‌ನ ಹೆಸರು ಅದನ್ನು ಹಿಡಿಯುವವರಿಗಾಗಿ, ಅಂದರೆ ಫಂಕ್ಷನ್ ಕರೆದು ಎರರ್ ಬಂದರೆ ನಿಭಾಯಿಸುವ ಕೋಡ್‌ಗಾಗಿ, ಇರುವುದು. ಹಿಂದೆ ನಾನಿದ್ದ ಒಂದು ತಂಡದಲ್ಲಿ ಎಲ್ಲಕ್ಕೂ ಬರೀ ಎಕ್ಸೆಪ್ಶನ್ ರೈಸ್ ಮಾಡುತ್ತಿದ್ದೆವು. ಹಾಗಾಗಿ ಕರೆಯುವ ಕಡೆಯೂ ಎಕ್ಸೆಪ್ಶನ್ ಅಂತಲೇ ಹಿಡಿಯಬೇಕಿತ್ತು. ಫೈಲ್‌ನಲ್ಲಿ ಕೆಟ್ಟ ಸಾಲು ಸಿಕ್ಕರೆ ಪಕ್ಕಕ್ಕಿಟ್ಟು ಮುಂದೆ ಹೋಗಲಿ ಎಂಬುದು ನಮ್ಮ ಉದ್ದೇಶ. ಒಂದು ದಿನ ನಾನು ಒಂದು ವೇರಿಯಬಲ್ ಹೆಸರನ್ನು ತಪ್ಪಾಗಿ ಟೈಪ್ ಮಾಡಿದೆ. ಅದರಿಂದ ಬಂದ ನೇಮ್‌ಎರರ್ (ಇಲ್ಲದ ಹೆಸರು ಬಳಸಿದರೆ ಬರುವ ಎರರ್) ಕೂಡ ಅದೇ ಬಲೆಗೆ ಬಿತ್ತು. ಒಂದೊಂದು ಸಾಲೂ "ಡೇಟಾ ಸರಿಯಿಲ್ಲ" ಅಂತ ಪಕ್ಕಕ್ಕೆ ಹೋಯಿತು. ಎರಡು ದಿನ ಡೇಟಾ ಕಳಿಸಿದವರನ್ನೇ ಸುಮ್ನೆ ವಿಚಾರಿಸುತ್ತಾ ಕೂತೆವು. ವ್ಯಾಲ್ಯೂಎರರ್ ಮಾತ್ರ ಹಿಡಿದಿದ್ದರೆ ಪ್ರೋಗ್ರಾಂ ಮೊದಲ ಸಾಲಿನಲ್ಲೇ ನಿಂತುಬಿಡುತ್ತಿತ್ತು. ತಪ್ಪು ಕೋಡ್‌ನಲ್ಲಿದೆ ಅಂತ ಆಗಲೇ ಗೊತ್ತಾಗುತ್ತಿತ್ತು, ಅಲ್ವಾ?

ನಿಮ್ಮ ವಯಸ್ಸಿನ ಫಂಕ್ಷನ್‌ನಲ್ಲಿ ಇನ್ನೊಂದು ಗುಂಡಿ ಇದೆ. ಬಂದದ್ದು ಇಂಟ್ ಹೌದೋ ಅಂತ ಬಗೆ ಪರೀಕ್ಷಿಸುವ ಈಸ್‌ಇನ್‌ಸ್ಟನ್ಸ್‌ನಿಂದ ನೋಡಿದರೆ ಟ್ರೂ ಕೂಡ ಪಾಸಾಗುತ್ತದೆ. ಪೈಥಾನ್‌ನಲ್ಲಿ ಬೂಲ್ (ಟ್ರೂ, ಫಾಲ್ಸ್‌ಗಳ ಬಗೆ) ಎಂಬುದು ಇಂಟ್‌ನ ಸಬ್‌ಕ್ಲಾಸ್, ಅಂದರೆ ಅದರ ಒಳಬಗೆ. ಟ್ರೂ ಅಂದರೆ 1 ವರ್ಷ ಅಂತ ಆಗಿಬಿಡುತ್ತದೆ! ಬೂಲ್ ಬಂದರೆ ಮೊದಲೇ ಟೈಪ್‌ಎರರ್ ಕೊಡಿ. ಈ ಕೆಲಸಕ್ಕೆ ಅಸರ್ಟ್ (ಷರತ್ತು ಸುಳ್ಳಾದರೆ ಎರರ್ ಕೊಡುವ ಸಾಲು) ಬಳಸಬೇಡಿ, ಪೈಥಾನನ್ನು -O ಆಯ್ಕೆ ಹಾಕಿ ಓಡಿಸಿದರೆ ಅಸರ್ಟ್‌ಗಳೆಲ್ಲ ಮಾಯ. ಮೆಸೇಜ್‌ನಲ್ಲಿ ಬಂದ ಬೆಲೆಯನ್ನೂ ಬರೆಯಿರಿ: "ವಯಸ್ಸು 0ಗಿಂತ ಕಡಿಮೆ ಇರುವಂತಿಲ್ಲ, ಬಂದದ್ದು -5".

ನಿಮ್ಮದೇ ಎರರ್ ಕ್ಲಾಸ್ ಮಾಡುವ ಆಸೆ ಇದ್ದರೆ ಅದನ್ನು ವ್ಯಾಲ್ಯೂಎರರ್‌ನ ಸಬ್‌ಕ್ಲಾಸ್ ಮಾಡಿ. ಜೇಸನ್ ಎಂಬ ಡೇಟಾ ರೂಪವನ್ನು ಓದಲಾಗದಿದ್ದಾಗ ಬರುವ ಪೈಥಾನ್‌ನ ಜೇಸನ್ ಡಿಕೋಡ್ ಎರರ್ ಕೂಡ ಹಾಗೇ ಇದೆ. ಆಗ ಈಗಾಗಲೇ ವ್ಯಾಲ್ಯೂಎರರ್ ಹಿಡಿಯುತ್ತಿರುವ ಕೋಡ್ ಒಂದಕ್ಷರವೂ ಬದಲಾಗಬೇಕಿಲ್ಲ.