ಸಂಪಾದಕರ ಉತ್ತರ: ತಾರಸಿಯ ಬೀಗದ ಕೈ ಯಾರ ಹತ್ತಿರ ಇದೆ?

ಹಾಸನದ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಬರೆದಿದ್ದಾರೆ. ಅವರ ಮಗಳು ಲಾಸ್ ಏಂಜಲೀಸ್ ಕಡೆಯ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಕ್ಯಾಂಪಸ್ಸಿನದೇ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಮೂವರ ಜೊತೆ ವಾಸ. ಪತ್ರದ ಸಾರ ಇಷ್ಟು: “ಸಾರಿಗೆ ಒಗ್ಗರಣೆ ಹಾಕಿದರೆ ಸಾಕು, ಹೊಗೆಯ ಅಲಾರಂ ಕೂಗಿ ಇಡೀ ಕಟ್ಟಡ ಬೀದಿಗೆ ಬರುತ್ತದೆ. ಬೇಸತ್ತ ಮಕ್ಕಳು ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದಕ್ಕೆ ದಂಡ ಹಾಕಿದರು. ವರ್ಷಕ್ಕೊಮ್ಮೆ ಭೂಕಂಪದ ಕವಾಯತು ಬೇರೆ. ಮದುವೆಯ ವಯಸ್ಸಿಗೆ ಬಂದವರು ಮೇಜಿನ ಕೆಳಗೆ ತೂರಬೇಕಂತೆ. ನೆಲ ಅಲುಗಿದರೆ ಮೊದಲು ಹೊರಗೆ ಓಡು ಎಂದು ನಾನು ಮಗಳಿಗೆ ಹೇಳಿಟ್ಟಿದ್ದೇನೆ. ಮಗ ಬೆಂಗಳೂರಿನ ಪಿ.ಜಿ.ಯಲ್ಲಿದ್ದಾನೆ, ಅಲ್ಲಿ ಇಂಥ ರಗಳೆ ಒಂದೂ ಇಲ್ಲ. ಅಮೆರಿಕದವರಿಗೆ ಭಯವೇ ಒಂದು ರೋಗವಾಗಿದೆ ಎಂದು ನಿಮಗೆ ಅನ್ನಿಸುವುದಿಲ್ಲವೇ?”

ಇಲ್ಲ ಮೇಷ್ಟ್ರೇ, ಅನ್ನಿಸುವುದಿಲ್ಲ. ಆದರೆ ನಿಮ್ಮ ಒಂದು ಮಾತನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಒಲೆಯ ನೆತ್ತಿಯ ಮೇಲೇ ಹೊಗೆ ಪತ್ತೆಯ ಯಂತ್ರ ಕೂರಿಸಿ, ಬ್ಯಾಡಗಿ ಮೆಣಸಿನಕಾಯಿ ಸಿಡಿದಾಗಲೆಲ್ಲ ಜನರನ್ನು ಚಳಿಗೆ ಅಟ್ಟುವುದು ಜಾಣತನವಲ್ಲ. ಅದನ್ನು ಒಲೆಯಿಂದ ಹತ್ತು ಅಡಿಯಾದರೂ ಆಚೆಗೆ ಸರಿಸಿ ಎಂದು ಮಗಳು ವಸತಿ ಕಚೇರಿಗೆ ಅರ್ಜಿ ಕೊಡಲಿ. ಎಣ್ಣೆ ಕಾಯುವ ಮೊದಲೇ ಒಲೆಯ ಮೇಲಿನ ಫ್ಯಾನ್ ಹಾಕಿ ಕಿಟಕಿ ತೆರೆಯಲಿ. ನಿಮ್ಮ ಪಕ್ಷಕ್ಕೆ ನಾನು ಕೊಡಬಹುದಾದದ್ದು ಇಲ್ಲಿಗೆ ಮುಗಿಯಿತು.

ಇನ್ನು ಆ ಪ್ಲಾಸ್ಟಿಕ್ ಚೀಲ. 2000ದ ಜನವರಿ 19ರ ನಸುಕಿನಲ್ಲಿ ನ್ಯೂಜೆರ್ಸಿಯ ಸೀಟನ್ ಹಾಲ್ ವಿಶ್ವವಿದ್ಯಾಲಯದ ಹಾಸ್ಟೆಲೊಂದರಲ್ಲಿ ಬೆಂಕಿ ಬಿತ್ತು. ಮೂರನೆಯ ಮಹಡಿಯ ಪಡಸಾಲೆಯ ಸೋಫಾ ಹತ್ತಿಕೊಂಡು ಹೊಗೆ ಓಣಿಗಳನ್ನು ತುಂಬಿತು. ಅಲಾರಂ ಕೂಗಿತು, ಸರಿಯಾಗಿಯೇ ಕೂಗಿತು. ಆದರೆ ಆ ಕಟ್ಟಡದಲ್ಲಿ ಸುಳ್ಳು ಅಲಾರಂ ಮೇಲಿಂದ ಮೇಲೆ ಆಗುತ್ತಿತ್ತು. “ಮತ್ತೆ ಶುರುವಾಯಿತು” ಎಂದು ಹೊದಿಕೆ ಎಳೆದುಕೊಂಡವರಿದ್ದರು. ಮೂವರು ವಿದ್ಯಾರ್ಥಿಗಳು ಸತ್ತರು, ಹಲವರು ಸುಟ್ಟ ಗಾಯಗಳೊಂದಿಗೆ ಉಳಿದರು. ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಆ ಹಳೆಯ ಕಟ್ಟಡದಲ್ಲಿ ಇರಲಿಲ್ಲ. ಅದೇ ವರ್ಷ ನ್ಯೂಜೆರ್ಸಿ ತನ್ನ ಎಲ್ಲ ವಿದ್ಯಾರ್ಥಿನಿಲಯಗಳಲ್ಲಿ ಸ್ಪ್ರಿಂಕ್ಲರ್ ಇರಲೇಬೇಕೆಂದು ಕಾನೂನು ಮಾಡಿತು. ನಿಮ್ಮ ಮಗಳಿಗೆ ದಂಡ ಹಾಕಿದ ಗುಮಾಸ್ತನಿಗೆ ಈ ಕಥೆ ಗೊತ್ತಿದೆಯೋ ಇಲ್ಲವೋ, ಅವನ ಕೈಯಲ್ಲಿರುವ ನಿಯಮಪುಸ್ತಕಕ್ಕೆ ಗೊತ್ತಿರುತ್ತದೆ. ಅಲ್ಲಿನ ವಿದ್ಯಾರ್ಥಿ ವಸತಿಗಳಲ್ಲಿ ಬೆಂಕಿ ಹೆಚ್ಚಾಗಿ ಹುಟ್ಟುವುದು ಅಡುಗೆಯಿಂದಲೇ. ಬಾಣಲೆಯ ಎಣ್ಣೆ ಹತ್ತಿಕೊಂಡರೆ ನೀರು ಸುರಿಯದೆ, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು ಎಂಬುದನ್ನು ಮಗಳಿಗೆ ಈ ರಾತ್ರಿಯೇ ಫೋನಿನಲ್ಲಿ ಹೇಳಿ.

ಅದೇ ಫೋನಿನಲ್ಲಿ, ದಯವಿಟ್ಟು, ನಿಮ್ಮ “ಹೊರಗೆ ಓಡು” ಎಂಬ ಉಪದೇಶವನ್ನು ವಾಪಸು ತೆಗೆದುಕೊಳ್ಳಿ. ಆ ಮಾತು ನಿಮ್ಮ ಬಾಯಿಗೆ ಏಕೆ ಬಂತೆಂದು ನನಗೆ ಗೊತ್ತು. 1993ರ ಸೆಪ್ಟೆಂಬರ್ 30ರಂದು, ಗಣಪತಿ ಬಿಟ್ಟು ಬಂದು ಮಲಗಿದ ಜನರ ಮೇಲೆ ಮಹಾರಾಷ್ಟ್ರದ ಕಿಲ್ಲಾರಿಯ ಕಲ್ಲುಮಣ್ಣಿನ ಗೋಡೆಗಳು ಕುಸಿದದ್ದು ನಮ್ಮ ತಲೆಮಾರಿನ ನೆನಪಿನಲ್ಲಿ ಉಳಿದಿದೆ. ಬೀದರ್, ಕಲಬುರಗಿಯವರು ಅಂದು ಬೆಳಗಿನವರೆಗೆ ಅಂಗಳದಲ್ಲೇ ಕುಳಿತಿದ್ದರು. ಅಂಥ ಮನೆಯಲ್ಲಿ ಓಡಬೇಕೆನ್ನಿಸುವುದು ಸಹಜ. ಆದರೆ ಕ್ಯಾಲಿಫೋರ್ನಿಯಾದ ಮರದ ಚೌಕಟ್ಟಿನ ಕಟ್ಟಡ ಬಾಗಿ ಬಳುಕಿದರೂ ಸಾಮಾನ್ಯವಾಗಿ ಪುಡಿಯಾಗುವುದಿಲ್ಲ. ಅಲ್ಲಿ ಗಾಯವಾಗುವುದು ಕಪಾಟು ಮೈಮೇಲೆ ಬಿದ್ದು, ಗಾಜು ಒಡೆದು, ಓಡುವಾಗ ಮೆಟ್ಟಿಲಲ್ಲಿ ಮುಗ್ಗರಿಸಿ. ಹೊರಗೋಡೆಗೆ ಅಂಟಿದ ಜಾಗವೇ ಎಲ್ಲಕ್ಕಿಂತ ಅಪಾಯ, ಇಟ್ಟಿಗೆಯೂ ಗಾಜೂ ಉದುರುವುದು ಅಲ್ಲಿಯೇ. ಆದ್ದರಿಂದ ನೆಲಕ್ಕೆ ಕುಸಿದು ಕೂರಬೇಕು, ಮೇಜಿನ ಕೆಳಗೆ ತಲೆ ಮರೆಸಬೇಕು, ಮೇಜಿನ ಕಾಲನ್ನು ಹಿಡಿದುಕೊಳ್ಳಬೇಕು. ಹಾಸಿಗೆಯಲ್ಲಿದ್ದರೆ ಅಲ್ಲೇ ಇದ್ದು ತಲೆಯ ಮೇಲೆ ದಿಂಬು. ಅಲುಗಾಟ ನಿಂತ ಮೇಲೆ ಹೊರಡಬೇಕು, ಲಿಫ್ಟ್ ಮುಟ್ಟಬಾರದು.

ತೊಡಕು ಇರುವುದು ಇಲ್ಲಿಯೇ ನೋಡಿ. ಬೆಂಕಿಯ ಪಾಠ ‘ತಕ್ಷಣ ಹೊರಗೆ’, ಭೂಕಂಪದ ಪಾಠ ‘ಸದ್ಯಕ್ಕೆ ಒಳಗೆ’. ಎರಡೂ ಒಂದೇ ತಲೆಯಲ್ಲಿರಬೇಕು, ಅರೆನಿದ್ರೆಯಲ್ಲಿ ಸರಿಯಾದದ್ದೇ ಹೊರಬರಬೇಕು. ಹಾಗಿರುವಾಗ ಕವಾಯತಿಲ್ಲದೆ ಹೇಗೆ ಸಾಧ್ಯ, ಮೇಷ್ಟ್ರೇ? ಮಗ್ಗಿಯನ್ನು ಬಾಯಿಪಾಠ ಮಾಡಿಸಿ ಮಕ್ಕಳನ್ನು ದಡ ಸೇರಿಸಿದ ನೀವೇ ಈ ಪ್ರಶ್ನೆ ಕೇಳಬಹುದೇ! ಆ ಮೇಜಿನ ಕೆಳಗೆ ತೂರುವ ಕವಾಯತು 2008ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ ಈಗ ಅನೇಕ ದೇಶಗಳಲ್ಲಿ ಅಕ್ಟೋಬರ್ ತಿಂಗಳ ಮೂರನೆಯ ಗುರುವಾರ ನಡೆಯುತ್ತದೆ.

ಈ ಎರಡು ಆಪತ್ತುಗಳು ಬೇರೆಬೇರೆಯಾಗಿ ಬರುತ್ತವೆ ಎಂದೂ ಭಾವಿಸಬೇಡಿ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಅಲುಗಾಡಿದ ಬೆಳಿಗ್ಗೆ ಹೇಯ್ಸ್ ವ್ಯಾಲಿಯ ಗೃಹಿಣಿಯೊಬ್ಬರು ತಿಂಡಿಗೆಂದು ಒಲೆ ಹಚ್ಚಿದರು. ಹೊಗೆಗೂಡು ಬಿರುಕು ಬಿಟ್ಟದ್ದು ಅವರಿಗೆ ತಿಳಿಯಲಿಲ್ಲ. ನೀರಿನ ಕೊಳವೆಗಳು ಒಡೆದುಹೋಗಿದ್ದ ನಗರದಲ್ಲಿ ಆ ಬೆಂಕಿ ಬಡಾವಣೆಗಳನ್ನೇ ನುಂಗಿತು. ಚರಿತ್ರೆಯಲ್ಲಿ ಅದಕ್ಕೆ ‘ಹ್ಯಾಮ್ ಅಂಡ್ ಎಗ್ಸ್’ ಬೆಂಕಿ ಎಂದೇ ಹೆಸರು. 1923ರ ಸೆಪ್ಟೆಂಬರ್ 1ರಂದು ಟೋಕಿಯೊ, ಯೊಕೊಹಾಮಾಗಳಲ್ಲಿ ಭೂಮಿ ಕಂಪಿಸಿದ್ದು ಮಧ್ಯಾಹ್ನ 12ಕ್ಕೆ ಎರಡು ನಿಮಿಷ ಇರುವಾಗ, ಮನೆಮನೆಯಲ್ಲೂ ಊಟಕ್ಕೆ ಒಲೆ ಉರಿಯುತ್ತಿದ್ದಾಗ. ಸತ್ತ ಲಕ್ಷ ಜನರಲ್ಲಿ ಬಹುಪಾಲು ಬೆಂಕಿಗೆ ಆಹುತಿಯಾದವರು. ಜಪಾನ್ ಇಂದಿಗೂ ಆ ದಿನವನ್ನು ಕವಾಯತಿಗಾಗಿ ಮೀಸಲಿಟ್ಟಿದೆ.

ನಿಮ್ಮ ಮಗಳ ಊರಿಗೇ ಬರೋಣ. 1994ರ ಜನವರಿ 17, ಬೆಳಗಿನ ಜಾವ 4 ಗಂಟೆ 31 ನಿಮಿಷ. ನಾರ್ತ್‌ರಿಜ್ ಭೂಕಂಪ, ತೀವ್ರತೆ 6.7. ಅಲ್ಲಿನ ರಾಜ್ಯ ವಿಶ್ವವಿದ್ಯಾಲಯದ ಬಳಿಯಿದ್ದ ನಾರ್ತ್‌ರಿಜ್ ಮೆಡೋಸ್ ಎಂಬ ಮೂರು ಮಹಡಿಯ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಗಳು ನೆಲಮಹಡಿಯ ಮೇಲೆ ಕುಳಿತುಬಿಟ್ಟವು. ಹದಿನಾರು ಜನ ಸತ್ತರು, ಎಲ್ಲರೂ ನೆಲಮಹಡಿಯವರು. ನೆಲಮಹಡಿಯ ಒಂದು ಭಾಗದಲ್ಲಿ ಕಾರು ನಿಲ್ಲಿಸಲು ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ಕಟ್ಟಿದ ಬಗೆ ಅದು. ಕ್ಯಾಂಪಸ್ಸಿನಲ್ಲಿ ವಾಹನ ನಿಲ್ದಾಣ ಕುಸಿಯಿತು, ವಿಜ್ಞಾನ ವಿಭಾಗದಲ್ಲಿ ರಾಸಾಯನಿಕಗಳಿಂದ ಬೆಂಕಿ ಎದ್ದಿತು, ಮುಂದೆ ಟ್ರೇಲರುಗಳಲ್ಲಿ ಪಾಠ ನಡೆಯಿತು. ಅಂಥ ಕಂಬದ ಕಟ್ಟಡಗಳನ್ನು ಕಡ್ಡಾಯವಾಗಿ ಬಲಪಡಿಸಬೇಕೆಂದು ಲಾಸ್ ಏಂಜಲೀಸ್ ನಗರ ನಿಯಮ ಮಾಡಿದ್ದು 2015ರಲ್ಲಿ. ಇಪ್ಪತ್ತೊಂದು ವರ್ಷ! ಅವರೇನು ದೇವತೆಗಳಲ್ಲ, ಅವರ ಕಡತಗಳೂ ಮಲಗುತ್ತವೆ. ತಾನಿರುವ ಕಟ್ಟಡದ ಕೆಳಗೆ ಕಾರುಗಳಿವೆಯೇ, ಇದ್ದರೆ ಬಲಪಡಿಸಿದ್ದಾರೆಯೇ ಎಂದು ಮಗಳು ವಸತಿ ಕಚೇರಿಯಲ್ಲಿ ಕೇಳಲಿ. ಮಂಚದ ಕೆಳಗೆ ಒಂದು ಜೊತೆ ಬೂಟು, ಒಂದು ಟಾರ್ಚ್ ಇಟ್ಟುಕೊಳ್ಳಲಿ. ಕತ್ತಲಲ್ಲಿ ಗಾಜಿನ ಚೂರುಗಳ ಮೇಲೆ ಬರಿಗಾಲಿನಲ್ಲಿ ನಡೆದು ಗಾಯ ಮಾಡಿಕೊಂಡವರು ಅಂದು ಬಹಳ ಮಂದಿ.

ನಿಮ್ಮ ಮಗಳ ಬಗ್ಗೆ ನನಗೆ ಅಷ್ಟಾಗಿ ಚಿಂತೆಯಿಲ್ಲ. ನಿಮ್ಮ ಪತ್ರ ಓದಿ ನಾನು ಪೆನ್ನು ಕೆಳಗಿಟ್ಟದ್ದು “ಅಲ್ಲಿ ಇಂಥ ರಗಳೆ ಒಂದೂ ಇಲ್ಲ” ಎಂಬ ಸಾಲಿಗೆ. ನಿಜ, ಇಲ್ಲ. ನನ್ನ ಬಂಧುವೊಬ್ಬರ ಮಗನಿದ್ದ ಪಿ.ಜಿ.ಗೆ ಹೋಗಿದ್ದೆ. ಐದು ಮಹಡಿ, ಒಂದೇ ಮೆಟ್ಟಿಲು, ಮೆಟ್ಟಿಲ ಕೆಳಗೆ ಗ್ಯಾಸ್ ಸಿಲಿಂಡರುಗಳು ಮತ್ತು ಸ್ಕೂಟರುಗಳು, ಪ್ರತಿ ಕಿಟಕಿಗೂ ಗೋಡೆಯೊಳಗೆ ಹೂತ ಕಂಬಿ. ತಾರಸಿಯ ಬಾಗಿಲಿಗೆ ಅಂಗೈಯಗಲದ ಬೀಗ. ಕೀಲಿ ಎಲ್ಲಿ ಎಂದು ಕೇಳಿದೆ. ಮಾಲೀಕರ ಭಾವಮೈದುನನ ಬಳಿ ಇದೆಯಂತೆ; ಆತ ಇರುವುದು ಮಂಡ್ಯದಲ್ಲಿ. ಅಗ್ನಿನಂದಕ ಇತ್ತು, ಅದರ ಮೇಲೆ ಯಾರೋ ಟವೆಲ್ ಒಣಹಾಕಿದ್ದರು. ಗಡ್ಡಕ್ಕೆ ಬೆಂಕಿ ಹತ್ತಿದಾಗ ಬಾವಿ ತೋಡಿದರು ಎಂದು ನಮ್ಮ ಹಿರಿಯರು ನಗುತ್ತಿದ್ದರು. ಈಗ ಬಾವಿ ಇದೆ, ಬಾವಿಗೂ ಬೀಗ ಜಡಿದಿದ್ದೇವೆ.

ಹುಡುಗರು ತಾರಸಿಗೆ ಹೋಗಿ ಕುಡಿಯುತ್ತಾರೆ, ಹುಡುಗಿಯರ ಪಿ.ಜಿ.ಗೆ ಕಳ್ಳರು ಬರುತ್ತಾರೆ ಎಂದು ಮಾಲೀಕರು ವಾದಿಸುತ್ತಾರೆ. ಒಳಗಿನಿಂದ ಕೀಲಿಯಿಲ್ಲದೆ ತೆರೆದು ಹೊರಗಿನಿಂದ ತೆರೆಯದ ಚಿಲಕಗಳನ್ನು ಜಗತ್ತು ಕಂಡುಹಿಡಿದು ಎಷ್ಟೋ ಕಾಲವಾಯಿತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ ಒಂಬತ್ತು ಜನ ಸತ್ತರು. ಮೆಟ್ಟಿಲಿನ ದಾರಿ ಸಿಗದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ‘ಬಿಯಾಂಡ್ ಕಾರ್ಲ್ಟನ್’ ಎಂಬ ಸಂಸ್ಥೆ ಕಟ್ಟಿ ಇವತ್ತಿಗೂ ಅದೇ ಮಾತನ್ನು ಹೇಳುತ್ತಿವೆ. 2019ರ ಮೇ 24ರಂದು ಸೂರತ್‌ನ ತಕ್ಷಶಿಲಾ ಕಟ್ಟಡದ ಟ್ಯೂಷನ್ ಕೇಂದ್ರದಲ್ಲಿ ಇಪ್ಪತ್ತೆರಡು ಎಳೆಯ ಜೀವಗಳು ಹೋದವು. ಪ್ರತಿ ಸಲವೂ ವಾರವಿಡೀ ತಪಾಸಣೆ, ನೋಟಿಸು, ಛಾಯಾಚಿತ್ರ. ಆಮೇಲೆ ಮತ್ತೆ ಟವೆಲ್.

ಭೂಕಂಪದ ಮಾತೆತ್ತಿದರೆ ಬೆಂಗಳೂರಿನವರು ‘ನಾವು ಕಡಿಮೆ ಅಪಾಯದ ವಲಯದವರು’ ಎಂದು ನಗುತ್ತಾರೆ. ಕಿಲ್ಲಾರಿಯನ್ನು 1993ರವರೆಗೆ ನಕ್ಷೆಯಲ್ಲಿ ಗುರುತಿಸಿದ್ದು ಅತಿ ಕಡಿಮೆ ಅಪಾಯದ ಮೊದಲನೆಯ ವಲಯ ಎಂದು. 2001ರ ಜನವರಿ 26ರಂದು ಭುಜ್ ಕಡೆ ಭೂಮಿ ಕಂಪಿಸಿದಾಗ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಬಿದ್ದ ಅಪಾರ್ಟ್‌ಮೆಂಟುಗಳಲ್ಲಿ ಬಹಳಷ್ಟು ಕೆಳಗೆ ಕಾರು, ಮೇಲೆ ಸಂಸಾರ ಇದ್ದಂಥವು. ಬೆಂಗಳೂರಿನ ಯಾವುದೇ ಹೊಸ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ, ಕಂಬಗಳ ಮೇಲೆ ನಿಂತ ಕಟ್ಟಡಗಳನ್ನು ಎಣಿಸಿ.

ಒಂದು ಕಾಲೇಜಿನಲ್ಲಿ ನಾನು ಅತಿಥಿಯಾಗಿದ್ದಾಗ ಅಗ್ನಿಶಾಮಕ ದಳದವರು ಅಣಕು ಕವಾಯತು ನಡೆಸಿದರು. ಗಂಟೆ ಬಾರಿಸಿದಾಗ ಹೊರಬಂದವರು ಮೊದಲ ವರ್ಷದ ಮಕ್ಕಳು ಮಾತ್ರ. ಅಧ್ಯಾಪಕರು ಕೊಠಡಿಯಲ್ಲಿ ಕಾಫಿ ಮುಗಿಸುತ್ತಿದ್ದರು. ಮಾರನೆಯ ದಿನ ಪತ್ರಿಕೆಗಳಲ್ಲಿ ‘ಯಶಸ್ವಿ ಕವಾಯತು’ ಎಂಬ ಸುದ್ದಿ ಬಂತು. ನಮ್ಮ ವೃತ್ತಿಬಾಂಧವರನ್ನೂ ಇದರಲ್ಲಿ ಬಿಡುವಂತಿಲ್ಲ.

ಮೇಷ್ಟ್ರೇ, ನಿಮ್ಮ ಅಕ್ಷರ ಇನ್ನೂ ಮುತ್ತಿನಂತಿದೆ, ಬರೆಯುವ ಹುರುಪೂ ಇದೆ. ಬರುವ ಭಾನುವಾರ ಹಾಸನದಿಂದ ಬೆಳಗಿನ ರೈಲು ಹಿಡಿದು ಮಗನ ಪಿ.ಜಿ.ಗೆ ಹೋಗಿ. ಮೇಲೆ ಹತ್ತಿ ತಾರಸಿಯ ಬಾಗಿಲನ್ನು ನೀವೇ ತಳ್ಳಿ ನೋಡಿ. ಎರಡನೆಯ ದಾರಿ ಇದೆಯೇ, ಕಿಟಕಿಯ ಕಂಬಿ ಒಳಗಿನಿಂದ ತೆರೆಯುತ್ತದೆಯೇ, ಅಗ್ನಿಶಾಮಕ ವಾಹನ ಆ ಓಣಿಗೆ ತಿರುಗಬಲ್ಲದೇ ಎಂದು ನೋಡಿ ನಮಗೆ ಬರೆಯಿರಿ. ಮಾಲೀಕರ ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಅಚ್ಚು ಹಾಕುತ್ತೇವೆ.

– ಸಂ.